ನಮ್ಮೂರ ಮುಂದಿನ ಸೊನ್ನೆ

ದೀಪಾವಳಿಗೆ ಊರಿಗೆ ಹೋದಾಗ ಪಿಎಚ್‌ಡಿ ಪ್ರಬಂಧದ ಮೂರನೆಯ ಅಧ್ಯಾಯದ ಪ್ರಿಂಟ್ ಜೊತೆಗಿತ್ತು. ತಿದ್ದುವುದು ನೆಪ. ಅವ್ವನಿಗೆ ತೋರಿಸಬೇಕೆನ್ನುವುದೇ ಆಸೆ. ಅವ್ವ ಓದಿದವಳಲ್ಲ. ಅಂಕಿಗಳನ್ನು ಕೂಲಿ ಲೆಕ್ಕದಿಂದ ಕಲಿತಿದ್ದಾಳೆ, ಮಸ್ಕಿ ಎನ್ನುವ ಒಂದು ಹೆಸರನ್ನು ಬಸ್ಸಿನ ಬೋರ್ಡಿನಿಂದ. ಕೋಷ್ಟಕದ ಮೇಲೆ ಬೆರಳಾಡಿಸುತ್ತಾ ಒಂದು ಕಡೆ ನಿಂತಳು.

‘ನಮ್ಮೂರ ಮುಂದ ಸೊನ್ನೆ ಯಾಕ ಐತಿ?’

ದುಡಿಯಲಿಕ್ಕೆ ಊರು ಬಿಟ್ಟು ಹೋದವರ ಲೆಕ್ಕ ಅದು ಎಂದೆ.

‘ಹಂಗಾದ್ರ ನಾವೆಲ್ಲಿ ಹೋಗಿದ್ವಿ?’

ನಾನು ಸಣ್ಣವನಿದ್ದಾಗ ಅಪ್ಪ, ಅವ್ವ ಬೆಂಗಳೂರಿನ ಕಟ್ಟಡಗಳಿಗೆ ಇಟ್ಟಿಗೆ, ಸಿಮೆಂಟು ಹೊರಲು ಹೋಗಿದ್ದರು. ನಾನು ಅಜ್ಜಿಯ ಹತ್ತಿರ ಬೆಳೆದೆ. ನನ್ನ ಸಂಶೋಧನೆಯ ವಿಷಯವೇ ಗುಳೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಸಿಂಧನೂರಿನ ಕಡೆ ನೆಲ್ಲು ನಾಟಿಗೆ ಆಳು ಬೇಕು. ಕಾಲುವೆ ಮುಟ್ಟದ ಹಳ್ಳಿಗಳಿಂದ ಆಳು ಹೊರಡುತ್ತಾರೆ. ಅಂಥ ಪ್ರಬಂಧದಲ್ಲಿ ಮಸ್ಕಿಯಿಂದ ಒಬ್ಬರೂ ಹೋಗಿಲ್ಲ ಎಂದು ನಾನೇ ಬರೆದಿದ್ದೆ. ಅಧ್ಯಾಯ ಆಗಲೇ ಮಾರ್ಗದರ್ಶಕರ ಕೈಗೂ ಹೋಗಿತ್ತು.

ರಾತ್ರಿ ಲ್ಯಾಪ್‌ಟಾಪ್ ತೆರೆದೆ. ಸಂಖ್ಯಾಶಾಸ್ತ್ರದವರು ಬಳಸುವ ಆರ್ ಭಾಷೆಯಲ್ಲಿ ನಾನೊಂದು ಫಂಕ್ಷನ್ ಬರೆದುಕೊಂಡಿದ್ದೆ. ತಾಲೂಕಿನ ಹೆಸರು ಕೊಟ್ಟರೆ ಆ ಹೆಸರಿನ ಸಾಲುಗಳನ್ನು ಆರಿಸಿ, ಹೋದವರನ್ನು ಕೂಡಿ ಮೊತ್ತ ಹೇಳುತ್ತದೆ. ಒಂದು ಸಾಲೂ ಸಿಗದಿದ್ದರೆ? ಆರ್ ತಕರಾರು ಮಾಡುವುದಿಲ್ಲ. ಖಾಲಿ ಪಟ್ಟಿಯನ್ನು ಕೂಡಿದರೆ ಮೊತ್ತ 0, ಗಣಿತದ ಪ್ರಕಾರ ಅದು ಸರಿಯೇ. ‘ಯಾರೂ ಹೋಗಿಲ್ಲ’ ಎನ್ನುವುದೂ ‘ಆ ಹೆಸರೇ ನನಗೆ ಗೊತ್ತಿಲ್ಲ’ ಎನ್ನುವುದೂ ಕಾಗದದ ಮೇಲೆ ಒಂದೇ ಸೊನ್ನೆಯಾಗಿ ಬರುತ್ತವೆ. ಸರಾಸರಿ ಕೇಳಿದ್ದರೆ ಸಂಖ್ಯೆಯೇ ಅಲ್ಲದ ಉತ್ತರ ಬಂದು ಎಚ್ಚರವಾಗುತ್ತಿದ್ದೆ. ಮೊತ್ತ ಕೇಳಿದ್ದೆ.

ಮೊದಲು ಸ್ಪೇಸಿನ ಮೇಲೆ ಅನುಮಾನ ಬಂತು. ಫೋನಿನಲ್ಲಿ ಕನ್ನಡ ಬರೆಯುವಾಗ ಕೀಲಿಮಣೆ ಸೂಚಿಸಿದ ಪದವನ್ನು ಒತ್ತಿದರೆ ಹಿಂದೊಂದು ಸ್ಪೇಸ್ ತಾನೇ ಸೇರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಅದೇ ಮಸ್ಕಿ, ಯಂತ್ರಕ್ಕೆ ಬೇರೆ. ಸ್ಪೇಸ್ ಕತ್ತರಿಸುವ ಟ್ರಿಮ್‌ಡಬ್ಲ್ಯೂಎಸ್ ಎಂಬ ಫಂಕ್ಷನ್ ಇದೆ, ಓಡಿಸಿದೆ. ಆದರೂ ಸೊನ್ನೆ. (ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರಗಳನ್ನು ಅದು ತಾನಾಗಿ ತೆಗೆಯುವುದಿಲ್ಲ. ಅವನ್ನೂ ಹುಡುಕಿದೆ, ಇರಲಿಲ್ಲ.) ಲಿಂಗಸುಗೂರು, ಲಿಂಗಸಗೂರು, ಲಿಂಗಸೂಗೂರು ಎಂದು ಮೂರು ಬಗೆಯಲ್ಲಿ ಬರೆಯುವ ಊರನ್ನು ಮೊದಲೇ ಒಂದು ಮಾಡಿದ್ದೆನಾದ್ದರಿಂದ ಕಾಗುಣಿತದ ತಪ್ಪೂ ಅಲ್ಲ.

ಕೊನೆಗೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಮ್ಯಾಚ್.ಆರ್ಗ್ ಎಂಬ ಫಂಕ್ಷನ್‌ಗೆ ಒಪ್ಪಬಹುದಾದ ಹೆಸರುಗಳ ಪಟ್ಟಿ ಕೊಟ್ಟರೆ ಅದು ಬಾಗಿಲ ಕಾವಲಿನಂತೆ ನಿಲ್ಲುತ್ತದೆ. ಪಟ್ಟಿಯಲ್ಲಿಲ್ಲದ ಹೆಸರು ಬಂದರೆ ಕೆಲಸವನ್ನೇ ನಿಲ್ಲಿಸಿ ‘ಇವುಗಳಲ್ಲಿ ಒಂದಾಗಿರಬೇಕು’ ಎಂದು ಪಟ್ಟಿ ಓದಿ ಹೇಳುತ್ತದೆ. ಪಟ್ಟಿಯನ್ನು ನನ್ನ ದತ್ತಾಂಶದಿಂದಲೇ ಎತ್ತಿ ಕೊಟ್ಟೆ. ‘ಮಸ್ಕಿ’ ಎಂದೆ. ನಿಲ್ಲಿಸಿತು. ಕೆಳಗೆ ಓದಿದ ಪಟ್ಟಿಯಲ್ಲಿ ಇದ್ದದ್ದು ಲಿಂಗಸುಗೂರು, ರಾಯಚೂರು, ಮಾನ್ವಿ, ದೇವದುರ್ಗ, ಸಿಂಧನೂರು.

ಐದೇ. ಹಳ್ಳಿಗಳನ್ನು ತಾಲೂಕಿಗೆ ಜೋಡಿಸಲು ನಾನು ಬಳಸಿದ್ದು 2011ರ ಜನಗಣತಿಯ ಪಟ್ಟಿ. ಆಗ ಮಸ್ಕಿ ತಾಲೂಕಾಗಿರಲಿಲ್ಲ, ಲಿಂಗಸುಗೂರು ತಾಲೂಕಿನ ಒಂದು ಊರು. ಮುಂದೆ ಸುತ್ತಲ ತಾಲೂಕುಗಳ ಹಳ್ಳಿಗಳನ್ನು ಕೂಡಿಸಿ ಮಸ್ಕಿ ತಾಲೂಕು ಮಾಡಿದರು. ನಮ್ಮವರೆಲ್ಲ ನನ್ನ ಲೆಕ್ಕದಲ್ಲಿ ಇನ್ನೂ ಹಳೆಯ ತಾಲೂಕುಗಳಲ್ಲೇ ಕೂತಿದ್ದರು. ಅಂದರೆ ತಪ್ಪಾದದ್ದು ಒಂದು ಸೊನ್ನೆಯಲ್ಲ. ಲಿಂಗಸುಗೂರಿನದೂ ಸಿಂಧನೂರಿನದೂ ತಪ್ಪು. ಅವು ಸೊನ್ನೆಯಾಗಿರಲಿಲ್ಲವಾದ್ದರಿಂದ ಯಾರ ಬೆರಳೂ ಅಲ್ಲಿ ನಿಲ್ಲಲಿಲ್ಲ.

ಕಾವಲಿಗೂ ಒಂದು ಸಲಿಗೆ ಇದೆ. ಪೂರ್ತಿ ಹೆಸರು ಬೇಕಿಲ್ಲ, ಮೊದಲ ಅಕ್ಷರಗಳು ಪಟ್ಟಿಯ ಒಂದೇ ಹೆಸರಿಗೆ ಹೊಂದಿದರೆ ಸಾಕು, ಒಪ್ಪಿಕೊಳ್ಳುತ್ತದೆ. ನಿದ್ದೆಗಣ್ಣಿನಲ್ಲಿ ಬರೀ ‘ಮ’ ಎಂದು ಒತ್ತಿದೆ. ಹಳೆಯ ಪಟ್ಟಿಯಲ್ಲಿ ಮಕಾರದಿಂದ ಶುರುವಾಗುವುದು ಮಾನ್ವಿ ಒಂದೇ. ಚಕಾರವೆತ್ತದೆ ಮಾನ್ವಿಯ ಮೊತ್ತ ಕೊಟ್ಟಿತು. ಅದು ಸೊನ್ನೆಗಿಂತ ಅಪಾಯ. ಆ ಅಂಕಿ ನೋಡಿದ್ದರೆ ಅವ್ವನೂ ಸುಮ್ಮನಾಗುತ್ತಿದ್ದಳು.

ಹೆಸರು ಹೊಂದಿಸುವ ತಾಪತ್ರಯ ನಮ್ಮೂರಿಗೆ ಹೊಸದಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ ಮೇಲೂ ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎನ್ನಲು ಸಿಂಹಳದ ಗ್ರಂಥಗಳ ಆಸರೆ ಬೇಕಿತ್ತು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಬಂಡೆಯಲ್ಲಿ ಕಂಡ ಶಾಸನದಲ್ಲಿ ಬಿರುದಿನ ಜೊತೆ ಅಶೋಕನ ಹೆಸರೂ ಇತ್ತು. ಅದನ್ನು ಶಾಲೆಯ ಭಾಷಣಗಳಲ್ಲಿ ಹೇಳಿ ಬಹುಮಾನ ಗೆದ್ದವನು ನಾನು.

ಮರುದಿನ ಬೆಳಿಗ್ಗೆ ಮಾರ್ಗದರ್ಶಕರಿಗೆ ಫೋನ್ ಮಾಡಿ, ‘ಸರ್, ಮೂರನೇ ಅಧ್ಯಾಯ ಓದಬೇಡಿ’ ಎಂದೆ. ಹಳ್ಳಿಗಳನ್ನು ಒಂದೊಂದಾಗಿ ಹೊಸ ತಾಲೂಕುಗಳಿಗೆ ಜೋಡಿಸಿ ಮುಗಿಸಲು ಹನ್ನೊಂದು ದಿನ ಹಿಡಿಯಿತು. ಈಗ ಫಂಕ್ಷನ್ ಹೆಸರಿನ ಜೊತೆ ಯಾವ ವರ್ಷದ ಪಟ್ಟಿ ಎಂದೂ ಕೇಳುತ್ತದೆ, ಮೊಟಕು ಹೆಸರು ಒಪ್ಪುವುದಿಲ್ಲ, ಸಾಲು ಸಿಗದಿದ್ದರೆ ಮೊತ್ತವನ್ನೇ ಕೊಡುವುದಿಲ್ಲ.

ಮಸ್ಕಿಗೆ ಅಂಕಿ ಬಂದ ದಿನ ಅವ್ವನಿಗೆ ಫೋನ್ ಮಾಡಿದೆ.

‘ಅದ್ರಾಗ ನಾನು, ನಿಮ್ಮಪ್ಪ ಅದೀವೇನು?’ ಎಂದು ಕೇಳಿದಳು.

ಇಲ್ಲ ಎಂದೆ. ಸಮೀಕ್ಷೆಗೆ ಚೀಟಿ ಎತ್ತಿದಾಗ ನಮ್ಮ ಮನೆ ಬಂದಿರಲಿಲ್ಲ.