ಕಲಬುರಗಿಯ ಎರಡು ಜಾತ್ರೆಗಳು

ರಜೆಯ ಪ್ರವಾಸವೆಂದರೆ ಬೆಟ್ಟದ ತಂಪು, ಇಲ್ಲವೇ ಕಡಲ ತೀರದ ಗಾಳಿ ಎಂದು ನಂಬಿದವರ ಮುಂದೆ ಮಾರ್ಚ್ ತಿಂಗಳ ಕಲಬುರಗಿಯ ಹೆಸರೆತ್ತಿದರೆ ಹುಬ್ಬೇರಿಸುತ್ತಾರೆ. ಆ ಬಿಸಿಲಿಗೆ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಯಾರು ಹೋದಾರು? ಆದರೂ ಹೋಳಿ ಹುಣ್ಣಿಮೆ ಕಳೆಯಿತೆಂದರೆ ಸಂಸಾರಕ್ಕೆ ಸಂಸಾರವೇ ಅಲ್ಲಿ ಬಂದು ಇಳಿಯುತ್ತದೆ. ಬುತ್ತಿಯ ಗಂಟು ಹೊತ್ತ ಅಜ್ಜಿ, ಅಪ್ಪನ ಹೆಗಲೇರಿದ ಕೂಸು, ಸೆರಗು ಸರಿಪಡಿಸಿಕೊಳ್ಳುತ್ತ ಮಕ್ಕಳ ತಲೆ ಎಣಿಸುವ ತಾಯಿ. ಹುಣ್ಣಿಮೆಯ ಐದನೆಯ ದಿನ ಶರಣಬಸವೇಶ್ವರರ ತೇರು. ಹಿಂದಿನ ದಿನವೇ ಉಚ್ಚಾಯಿ. ಊರು ಎರಡು ದಿನ ನಿದ್ರೆಯನ್ನೇ ಮರೆಯುತ್ತದೆ.

ಜನಸಂದಣಿಯ ಹಬ್ಬವೆಂದರೆ ಜಗತ್ತಿಗೆ ಮೊದಲು ನೆನಪಾಗುವುದು ಜರ್ಮನಿಯ ಮ್ಯೂನಿಕ್ ನಗರ. 1810ರ ಅಕ್ಟೋಬರಿನಲ್ಲಿ ಬವೇರಿಯದ ಯುವರಾಜ ಲುಡ್ವಿಗನ ಮದುವೆಯ ಸಂಭ್ರಮಕ್ಕೆಂದು ಊರ ಹೊರಗಿನ ಹುಲ್ಲುಗಾವಲಿನಲ್ಲಿ ಕುದುರೆಯ ಪಂದ್ಯ ನಡೆಯಿತು. ಆ ಬಯಲಿಗೆ ವಧು ತೆರೇಸಾಳ ಹೆಸರನ್ನೇ ಇಟ್ಟರು. ಕಾಲಕ್ರಮದಲ್ಲಿ ಕುದುರೆಗಳು ಹಿಂದೆ ಸರಿದು ಬಿಯರು ಮುಂದೆ ಬಂದಿತು. ಎರಡು ವಾರಕ್ಕೂ ಮಿಕ್ಕಿ ನಡೆಯುವ ಆ ಉತ್ಸವಕ್ಕೆ ಈಗ ಸುಮಾರು 60 ಲಕ್ಷ ಜನ ಸೇರುತ್ತಾರೆ. ಲೀಟರು ಹಿಡಿಯುವ ಗಾಜಿನ ಪಾತ್ರೆಯೇ ಅಲ್ಲಿಯ ಲಾಂಛನ. ಅದನ್ನು ತುಂಬಿಸಿಕೊಳ್ಳಲು ಪ್ರತಿಯೊಬ್ಬನೂ ಹಣ ತೆರಬೇಕು.

ಆ ಮದುವೆ ನಡೆದ ಹನ್ನೆರಡು ವರ್ಷಗಳಿಗೆ, 1822ರಲ್ಲಿ, ಕಲಬುರಗಿಯಲ್ಲಿ ಶರಣಬಸವೇಶ್ವರರು ಲಿಂಗೈಕ್ಯರಾದರು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಅವರು ಒಕ್ಕಲು ಮಕ್ಕಳು. ಹೊಲದ ತೆನೆಗೆ ಮುತ್ತುವ ಹಕ್ಕಿಗಳನ್ನು ಕವಣೆ ಬೀಸಿ ಓಡಿಸುವ ಬದಲು ಅವಕ್ಕೆ ಕುಡಿಯಲು ನೀರಿಟ್ಟರೆಂದೂ, ಆ ವರ್ಷದ ರಾಶಿ ಎಂದಿಗಿಂತ ಹೆಚ್ಚಾಯಿತೆಂದೂ ಆ ನಾಡಿನ ಅಜ್ಜಿಯರು ಇಂದಿಗೂ ಕತೆ ಹೇಳುತ್ತಾರೆ. ಬಂದವರಿಗೆ ಇಲ್ಲವೆನ್ನದೆ ಉಣಬಡಿಸಿದ ದಾಸೋಹವೇ ಅವರ ಬಾಳು. ತೇರಿನ ದಿನ ಭಕ್ತರಿಗೆ ದರ್ಶನಕ್ಕಿಡುವುದು ಕತ್ತಿಯನ್ನಲ್ಲ, ಕಿರೀಟವನ್ನಲ್ಲ, ಪರುಷ ಬಟ್ಟಲನ್ನು! ಮ್ಯೂನಿಕ್ಕಿನ ಪಾತ್ರೆ ಕೊಂಡವನದು. ಕಲಬುರಗಿಯ ಬಟ್ಟಲು ಹಸಿದವನದು.

ಸಂಜೆಯ ಹೊತ್ತಿಗೆ ಅಪ್ಪನ ಗುಡಿಯ ಬಯಲಿನಲ್ಲಿ ಕಾಲಿಡಲು ಎಡೆಯಿರುವುದಿಲ್ಲ. ತೇರು ಅಲುಗಿದೊಡನೆ ಸಾವಿರಾರು ಕೈಗಳಿಂದ ಉತ್ತತ್ತಿ, ಬಾಳೆಹಣ್ಣು ಕಳಸದತ್ತ ಹಾರುತ್ತವೆ. ಎತ್ತರಕ್ಕೆ ಎಸೆಯಲಾರದ ಮಕ್ಕಳ ಹಣ್ಣು ಮುಂದಿನವರ ರುಮಾಲಿನ ಮೇಲೆ ಬೀಳುತ್ತದೆ. ಬಿದ್ದರೂ ಯಾರೂ ಸಿಡುಕುವುದಿಲ್ಲ. ಬೆಂಡು ಬತ್ತಾಸಿನ ಅಂಗಡಿ, ಬಳೆಯ ಅಂಗಡಿ, ತೊಟ್ಟಿಲು, ಬಿಸಿ ಮಿರ್ಚಿ ಭಜಿ, ಚುರುಮುರಿಯ ರಾಶಿ ಬಯಲ ತುಂಬ ಹರಡಿರುತ್ತವೆ. ಪಟ್ಟಣದಿಂದ ಬಂದ ಸಂಸಾರಕ್ಕೆ ಮಾತ್ರ ಒಂದು ಎಚ್ಚರಿಕೆ: ಹಗಲು ಬಿಸಿಲಿನಲ್ಲಿ ವೃದ್ಧರನ್ನು ಅಲೆದಾಡಿಸಬಾರದು, ಮಗು ಕೈತಪ್ಪಿದರೆ ಎಲ್ಲಿ ಸೇರಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಊರಿನ ಇನ್ನೊಂದು ಜಾತ್ರೆ ಖ್ವಾಜಾ ಬಂದೇನವಾಜರ ಉರುಸು. ಬಹಮನಿ ಸುಲ್ತಾನ ಫಿರೋಜ್ ಶಾಹನ ಕಾಲದಲ್ಲಿ ದೆಹಲಿಯ ಕಡೆಯಿಂದ ದಕ್ಷಿಣಕ್ಕೆ ಬಂದ ಈ ಸೂಫಿ ಸಂತರು 1422ರಲ್ಲಿ ಇಲ್ಲಿಯೇ ದೇಹವಿಟ್ಟರು. ಶರಣರಿಗೂ ಅವರಿಗೂ ಸರಿಯಾಗಿ ನಾನೂರು ವರ್ಷಗಳ ಅಂತರ. ಹಿಜರಿ ವರ್ಷದ ಜಿಲ್ಕಾದ್ ತಿಂಗಳ 15, 16, 17ರಂದು ಉರುಸು. ಮೆಹಬೂಬ್ ಗುಲ್ಶನ್ ಉದ್ಯಾನದಿಂದ ಹೊರಡುವ ಗಂಧದ ಮೆರವಣಿಗೆ ದರ್ಗಾವನ್ನು ಮುಟ್ಟುವ ವೇಳೆಗೆ ಬೀದಿಯೆಲ್ಲ ಮಲ್ಲಿಗೆ, ಊದುಬತ್ತಿಗಳ ಪರಿಮಳ. ಹರಕೆ ಹೊತ್ತವರಲ್ಲಿ ವಿಭೂತಿ ಧರಿಸಿದ ಹಣೆಗಳೂ ಉಂಟು, ಕುಂಕುಮವಿಟ್ಟ ಹಣೆಗಳೂ ಉಂಟು. ಕಲಬುರಗಿಯ ತಹರಿಯ ರುಚಿ ಬಲ್ಲವರು ಊಟಕ್ಕೆ ಬೇರೆಡೆ ಹೋಗಲಾರರು.

ಎರಡು ಜಾತ್ರೆಗಳ ನಡುವಣ ಬಿಡುವಿನಲ್ಲಿ ಕೋಟೆಯೊಳಗಿನ ಜಾಮಿ ಮಸೀದಿಯನ್ನು ನೋಡಬೇಕು. 1367ರಲ್ಲಿ ಕಜ್ವೀನಿನ ರಫಿ ಎಂಬ ಶಿಲ್ಪಿ ಕಟ್ಟಿದ ಈ ಮಸೀದಿಗೆ ತೆರೆದ ಅಂಗಳವಿಲ್ಲ. 216 ಅಡಿ ಉದ್ದ, 176 ಅಡಿ ಅಗಲದ ಕಟ್ಟಡಕ್ಕೆಲ್ಲ ಗುಮ್ಮಟಗಳ ಮಾಡು. ಹೊರಗೆ ನೆಲ ಕಾದ ಹೆಂಚಾಗಿದ್ದಾಗ ಒಳಗೆ ಕಮಾನುಗಳ ಸಾಲಿನ ಕೆಳಗೆ ನಿಂತರೆ, ರಫಿಯು ಈ ಊರಿನ ಬಿಸಿಲನ್ನು ಚೆನ್ನಾಗಿ ಬಲ್ಲವನೇ ಇರಬೇಕು ಎನಿಸುತ್ತದೆ. ದಣಿದ ಮಕ್ಕಳಿಗೆ ಸಂಜೆ ಅಪ್ಪನ ಕೆರೆಯ ದಂಡೆಯಿದೆ.

ಮರುದಿನ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗಬೇಕು. ಮಹಾಗಾಂವ್ ದಾಟಿ 35-40 ಕಿಲೋಮೀಟರಿನೊಳಗೆ, ತೊಗರಿಯ ಬಯಲು ಮುಗಿದು, ಕಣಿವೆಯಲ್ಲಿ ಬಾಳೆಯ ಹಸುರು ಕಾಣಿಸುತ್ತದೆ. ಕಮಲಾಪುರ, ರಾಜನಾಳ, ನಾವನಿಹಾಳಗಳ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ಸಿಪ್ಪೆ ಕೆಂಪು, ತಿರುಳು ಕೆನೆಯ ಬಣ್ಣ. ಫಲ ಬರಲು ಒಂದೂವರೆ ವರ್ಷದಷ್ಟು ಕಾಯಬೇಕು, ಕೊಟ್ಟಿಗೆ ಗೊಬ್ಬರವನ್ನು ಧಾರಾಳವಾಗಿ ಹಾಕಬೇಕು. ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ. ಸಿರಿವಂತರ ಹಣ್ಣು ಎಂದೇ ಆ ಕಡೆಯ ಮಾತು. ತೇರಿಗೆ ಹಣ್ಣೆಸೆದು ಬಂದ ಮಕ್ಕಳು ಇಲ್ಲಿ ಒಂದೇ ಹಣ್ಣನ್ನು ಹಂಚಿಕೊಂಡು ತಿನ್ನುವಾಗ ಬೆಳೆದವನ ಬೆವರಿನ ಬೆಲೆ ಅವರಿಗೆ ತಿಳಿದೀತು.

ಪಂಚಾಂಗ ಬಲ್ಲವರಿಗೆ ಇನ್ನೊಂದು ಸ್ವಾರಸ್ಯವುಂಟು. ತೇರಿನ ತಿಥಿ ಅಧಿಕಮಾಸದ ಕಟ್ಟಿಗೆ ಒಳಪಟ್ಟು ಮಾರ್ಚಿನ ಆಸುಪಾಸಿನಲ್ಲಿಯೇ ಬರುತ್ತದೆ. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದಾದುದರಿಂದ ಉರುಸು ವರ್ಷವರ್ಷವೂ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಅದು ಮೇ ತಿಂಗಳ ನಡುವೆ ಬಂದಿತ್ತು. ಹೀಗೆ ಸರಿಯುತ್ತ 2030ರ ಮಾರ್ಚಿನಲ್ಲಿ ಅದು ಹೋಳಿ ಹುಣ್ಣಿಮೆಯನ್ನೇ ಮುಟ್ಟಲಿದೆ. ಚಂದ್ರದರ್ಶನದಿಂದ ಒಂದು ದಿನ ಅತ್ತಿತ್ತ ಆಗಬಹುದಾದರೂ, ಗಂಧವೂ ತೇರೂ ಒಂದೇ ವಾರದಲ್ಲಿ ನಡೆಯುವ ಲೆಕ್ಕವಿದು. ಇಂಥ ಕೂಟ 1999ರಲ್ಲಿ ಒದಗಿತ್ತು. 31 ವರ್ಷಗಳ ಮೇಲೆ ಮತ್ತೆ ಒದಗುತ್ತಿದೆ.

ಎರಡು ಜನಸಾಗರಗಳಿಗೆ ಒಂದೇ ಊರು, ಅವೇ ಬೀದಿಗಳು, ಅವೇ ಬಸ್ಸುಗಳು, ಬೇಸಿಗೆಯ ಅಷ್ಟೇ ನೀರು. ಅಂದು ತೇರಿಗೆ ಬಂದವನು ಗಂಧಕ್ಕೆ ದಾರಿ ಬಿಡಬೇಕು. ಗಂಧಕ್ಕೆ ಬಂದವನು ತೇರಿಗೆ ಬಂದ ಮುದುಕಿಗೆ ನೀರು ಕೊಡಬೇಕು. ನೆರೆಯವನನ್ನು ಅತಿಥಿಯೆಂದು ಕಾಣುವುದು ಮಾತಿನಲ್ಲಿ ಸುಲಭ. ಇಕ್ಕಟ್ಟಿನಲ್ಲಿ, ಸೆಕೆಯಲ್ಲಿ, ಬಾಯಾರಿಕೆಯಲ್ಲಿ ಅದು ನಿಜವಾದ ಪರೀಕ್ಷೆ. ಹಕ್ಕಿಗೂ ನೀರಿಟ್ಟವರ ಹೆಸರಿನ ಊರು ಆ ಪರೀಕ್ಷೆಯಲ್ಲಿ ಸೋಲಬಾರದು. ಮಕ್ಕಳಿಗೆ ನಾಡನ್ನು ತೋರಿಸಬೇಕೆನ್ನುವ ತಂದೆತಾಯಿಗಳು ಆ ವರ್ಷದ ರಜೆಯನ್ನು ಈಗಿನಿಂದಲೇ ಗುರುತು ಹಾಕಿಟ್ಟುಕೊಳ್ಳಬಹುದು.