ನಾರಾಯಣಖೇಡದಲ್ಲಿ ಹೊತ್ತಿನ ಊಟ

ತೊಗರಿ ಖರೀದಿಗೆಂದು ನಾವು ಬೀದರಿನಿಂದ ನಾರಾಯಣಖೇಡಕ್ಕೆ ಹೋಗುವುದು ಹಳೆಯ ರೂಢಿ. ಆ ಊರಿಗೆ ರೈಲಿಲ್ಲ, ಬಸ್ಸನ್ನೇ ನಂಬಬೇಕು. ಪೇಟೆಯಲ್ಲಿ ತೆಲುಗು, ಕನ್ನಡ, ಉರ್ದು ಮೂರೂ ನಡೆಯುತ್ತವೆ. ಮಾತಿಗೆ ತೊಂದರೆಯಿಲ್ಲ, ತೊಂದರೆಯೆಲ್ಲ ಊಟಕ್ಕೆ. ಖಾನಾವಳಿಯ ಪಪ್ಪಿಗೆ ಬೆಳ್ಳುಳ್ಳಿ ಒಗ್ಗರಣೆ, ಪಲ್ಯಕ್ಕೆ ಉಳ್ಳಾಗಡ್ಡಿ. ಪುಷ್ಯ ಮಾಸದಲ್ಲಿ ಆರರ ಸುಮಾರಿಗೆ ಸೂರ್ಯಾಸ್ತ. ಅದಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಮೊದಲೇ ನಮ್ಮ ಊಟ ಮುಗಿಯಬೇಕು.

ಕಳೆದ ಸಲ ತೂಕ ಮುಗಿಯುವಾಗಲೇ ನಾಲ್ಕೂವರೆ. ಬಸ್ ನಿಲ್ದಾಣದ ಬಳಿಯ ಖಾನಾವಳಿಯ ತಾಯಿಗೆ ನಮ್ಮ ನಿಯಮ ಹೇಳಿದೆವು. "ಬ್ಯಾಡಂದ್ರ ಹಾಕಂಗಿಲ್ರಿ, ಕೂಡ್ರಿ" ಎಂದವರೇ ಬೇರೆ ಪಾತ್ರೆ ತೊಳೆದು, ನಾವು ಕೊಟ್ಟ ಬಟ್ಟೆಯಲ್ಲಿ ನೀರು ಸೋಸಿ, ಬೇಳೆಗೆ ಬರೀ ಜೀರಿಗೆ ಹಾಕಿ, ಬಿಸಿ ಜೋಳದ ರೊಟ್ಟಿ ಬಡಿದು ಕೊಟ್ಟರು. ಹೆಚ್ಚಿಗೆ ಹಣ ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ನಮ್ಮ ಕಿರಿಯ ಮಗಳು ಗಗನಸಖಿ. ಪರವೂರ ಹೋಟೆಲುಗಳಲ್ಲಿ ತಂಗಿದರೆ ನಿಯಮ ಉಳಿಯದೆಂದು, ಅವಳು ಕೆಲಸಕ್ಕೆ ಸೇರಿದಾಗ ನಾವು ಎರಡು ತಿಂಗಳು ಮಾತು ಬಿಟ್ಟಿದ್ದೆವು. ವಿಮಾನದಲ್ಲಿ ಮುಂಚೆ ತಿಳಿಸಿದ ಪ್ರಯಾಣಿಕರಿಗೆ ಜೈನ ಊಟ ಕೊಡುವುದುಂಟು. ಇಳಿದ ಊರಲ್ಲಿ ಮಾತ್ರ ಅವಳೇ ಕೇಳಿ ಮಾಡಿಸಿಕೊಳ್ಳಬೇಕು. ಆಗದ ದಿನ ಚುರುಮುರಿ, ಪುಟಾಣಿ. ನಲವತ್ತು ವರ್ಷ ನಮ್ಮ ಚೀಲದಲ್ಲಿದ್ದದ್ದೂ ಅದೇ!

ಆ ರಾತ್ರಿ ಬೀದರಿನಲ್ಲಿ ಬಸ್ಸಿಳಿದು ಫೋನು ಮಾಡಿದೆವು. ನಾವು ಕೇಳುವ ಮೊದಲೇ ಅವಳು, "ಅಪ್ಪಾ, ಹೊತ್ತಿರುವಾಗ ಊಟ ಆಯ್ತೇನ್ರಿ?" ಎಂದಳು.