ಉಪ್ಪಿನ ಋಣ

ನಮ್ಮ ತಾಯಿಯವರು ತಮ್ಮ ಬಾಳಿನ ಕೊನೆಯ ಹದಿನೈದು ವರ್ಷಗಳನ್ನು ಒಂದು ಚಿಟಿಕೆ ಉಪ್ಪಿನ ಋಣದಲ್ಲಿ ಕಳೆದರೆಂದು ಹೇಳಿದರೆ ವಾಚಕ ಮಹಾಶಯರು ನಗಬಹುದು. ಉಪ್ಪಿನ ಋಣವಿಲ್ಲದವರು ಯಾರೆಂದು ಕೇಳಲೂಬಹುದು. ನಾವು ಹೇಳುತ್ತಿರುವುದು ಅಡುಗೆಮನೆಯ ಭರಣಿಯ ಉಪ್ಪನ್ನಲ್ಲ. ಅವರ ಎಡಭುಜದ ಕೆಳಗೆ, ಚರ್ಮದ ಮರೆಯಲ್ಲಿ, ಬೆಂಕಿಪೊಟ್ಟಣದಷ್ಟು ದೊಡ್ಡದಾದ ಲೋಹದ ಕರಂಡಕವೊಂದರೊಳಗೆ ಇದ್ದ ಉಪ್ಪನ್ನು.

2003ನೆಯ ಇಸವಿಯ ಕಾರ್ತಿಕಮಾಸದ ಒಂದು ಸಂಜೆ ತುಳಸೀಕಟ್ಟೆಗೆ ದೀಪವಿಡಲು ಹೋದ ತಾಯಿಯವರು ಅಲ್ಲಿಯೇ ಕುಸಿದರು. ನಾಡಿ ನಿಮಿಷಕ್ಕೆ 34 ಬಾರಿ ಮಾತ್ರ ಮಿಡಿಯುತ್ತಿತ್ತು. ಗುಂಡಿಗೆಯ ಮೇಲಣ ಕೋಣೆಗಳಿಂದ ಕೆಳಗಣ ಕೋಣೆಗಳಿಗೆ ಹೋಗಬೇಕಾದ ವಿದ್ಯುತ್ತಿನ ಅಪ್ಪಣೆ ನಡುದಾರಿಯಲ್ಲಿ ನಿಂತುಹೋಗಿದೆಯೆಂದೂ, ಆ ಅಪ್ಪಣೆಯನ್ನು ತಾನೇ ಕೊಡುವ ಪೇಸ್‌ಮೇಕರನ್ನು ಇರಿಸಬೇಕೆಂದೂ ವೈದ್ಯರು ತಿಳಿಸಿದರು. ಅದು ಬ್ಯಾಟರಿಯಿಂದ ನಡೆಯತಕ್ಕದ್ದೆಂದು ಕೇಳಿದೊಡನೆ ನಮ್ಮ ಎದೆ ಧಸಕ್ಕೆಂದಿತು. ಬ್ಯಾಟರಿಯ ವಿಷಯದಲ್ಲಿ ನಮ್ಮ ಅನುಭವ ಒಳ್ಳೆಯದಾಗಿರಲಿಲ್ಲ. ಕರೆಂಟು ಹೋದಾಗ ನೆರವಾಗಲೆಂದು ಹಜಾರದ ಮೂಲೆಯಲ್ಲಿ ಇಟ್ಟುಕೊಂಡಿದ್ದ ಸೀಸದ ಬ್ಯಾಟರಿಗೆ ನೀರು ತುಂಬಲು ಹೋಗಿ, ಅದರೊಳಗಿನ ಗಂಧಕಾಮ್ಲ ತುಳುಕಿ, ನಮ್ಮ ಪಂಚೆಗೆ ಅಂಗೈಯಗಲ ತೂತು ಬಿದ್ದು ಇನ್ನೂ ತಿಂಗಳಾಗಿರಲಿಲ್ಲ. ಟಾರ್ಚಿನಲ್ಲಿ ಮರೆತ ಸೆಲ್ಲುಗಳು ಒಸರಿ ಒಳಗಿನ ತಗಡನ್ನೆಲ್ಲ ತಿಂದುಹಾಕಿದ್ದನ್ನೂ ಕಂಡಿದ್ದೆವು. ಇಂಥದೊಂದನ್ನು ಹೆತ್ತ ತಾಯಿಯ ಎದೆಯಲ್ಲಿಟ್ಟು ಹೊಲಿದು ಮುಚ್ಚುವುದೆ? ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವಾಗ ನಮ್ಮ ಕೈ ನಡುಗಿತೆಂಬುದನ್ನು ಮರೆಮಾಚಲಾರೆವು.

ನಮ್ಮ ಅಕ್ಕನ ಮಗ ಆಗ ಬೆಂಗಳೂರಿನಲ್ಲಿ ಘನಪದಾರ್ಥಗಳ ಒಳರಚನೆಯನ್ನು ಕುರಿತು ಸಂಶೋಧನೆ ನಡೆಸುತ್ತಿದ್ದನು. ಅಜ್ಜಿಯನ್ನು ನೋಡಲು ಬಂದವನು ನಮ್ಮ ಭಯವನ್ನು ಕೇಳಿ, "ಮಾವ, ಒಸರುವುದಕ್ಕೆ ಅದರಲ್ಲಿ ದ್ರವವೇ ಇಲ್ಲ" ಎಂದನು.

ಅವನು ವಿವರಿಸಿದ್ದು ಹೀಗೆ. ಬ್ಯಾಟರಿ ಯಾವುದೇ ಇರಲಿ, ಎರಡು ಕೊನೆಗಳೂ ಅವುಗಳ ನಡುವೆ ಒಂದು ದಾರಿಯೂ ಬೇಕು. ಹೊರಗಿನ ತಂತಿಯಲ್ಲಿ ಎಲೆಕ್ಟ್ರಾನುಗಳು ಹರಿಯುತ್ತಿರುವಾಗ ಒಳಗಿನ ದಾರಿಯಲ್ಲಿ ವಿದ್ಯುದಂಶವನ್ನು ಹೊತ್ತ ಪರಮಾಣುಗಳು, ಎಂದರೆ ಅಯಾನುಗಳು, ನಡೆದುಹೋಗಬೇಕು. ಎಲೆಕ್ಟ್ರಾನುಗಳಿಗೆ ಮಾತ್ರ ಅಲ್ಲಿ ಪ್ರವೇಶವಿರಕೂಡದು. ಈ ದಾರಿಗೆ ಎಲೆಕ್ಟ್ರೊಲೈಟ್ ಎಂದು ಹೆಸರು. 1800ರಲ್ಲಿ ಇಟಲಿಯ ವೋಲ್ಟಾ ಎಂಬ ಪಂಡಿತನು ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆದ ರಟ್ಟನ್ನು ಇಟ್ಟಂದಿನಿಂದ ಈ ದಾರಿಯೆಂದರೆ ದ್ರವವೆಂದೇ ಬಹುಮಟ್ಟಿಗೆ ರೂಢಿಯಾಯಿತು.

ಹೃದಯಕ್ಕೆ ಯಂತ್ರ ಮಾಡಹೊರಟವರನ್ನು ಕಾಡಿದ್ದೂ ಬ್ಯಾಟರಿಯೇ. 1958ರಲ್ಲಿ ಸ್ವೀಡನ್ ದೇಶದ ಆರ್ನೆ ಲಾರ್ಸನ್ ಎಂಬವರ ಮೈಯೊಳಗೆ ಇರಿಸಿದ ಮೊತ್ತಮೊದಲ ಪೇಸ್‌ಮೇಕರು ಕೆಲವೇ ಗಂಟೆಗಳಲ್ಲಿ ನಿಂತುಹೋಯಿತು. (ಆ ಪುಣ್ಯಾತ್ಮರು ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಿಸಿಕೊಂಡು 2001ರವರೆಗೆ ಬದುಕಿದರೆಂಬುದನ್ನೂ ಹೇಳಿಬಿಡಬೇಕು.) ಆಮೇಲೆ ಬಂದ ಪಾದರಸ-ಸತುವಿನ ಸೆಲ್ಲುಗಳು ಎರಡು ವರ್ಷ ಬಾಳಿದರೆ ಅದೇ ಭಾಗ್ಯ. ಅವು ಅನಿಲವನ್ನು ಬಿಡುತ್ತಿದ್ದುದರಿಂದ ಬೆಸೆದು ಮುಚ್ಚುವಂತಿಲ್ಲ. ಮುಚ್ಚದಿದ್ದರೆ ಮೈಯ ತೇವ ಒಳಗೆ ಇಳಿಯುವುದು. ಅಮೆರಿಕದ ವಿಲ್ಸನ್ ಗ್ರೇಟ್‌ಬ್ಯಾಚ್ ಮೊದಲಾದವರ ಪರಿಶ್ರಮದಿಂದ ಲಿಥಿಯಂ-ಅಯೊಡಿನ್ ಬ್ಯಾಟರಿ ಸಿದ್ಧವಾಗಿ, 1972ರಲ್ಲಿ ಇಟಲಿಯಲ್ಲಿ ಮೊದಲ ಬಾರಿ ಒಬ್ಬ ರೋಗಿಯ ಮೈಯನ್ನು ಸೇರಿತು. ಅನಿಲವಿಲ್ಲ, ದ್ರವವಿಲ್ಲ, ಕರಂಡಕವನ್ನು ಬೆಸೆದು ಭದ್ರಪಡಿಸಬಹುದು. ನಮ್ಮ ತಾಯಿಯವರಿಗೆ ಇಟ್ಟದ್ದು ಇದರ ಸಂತತಿಯದೇ.

ಅದರ ರಚನೆ ನಮಗೆ ಬೆರಗನ್ನುಂಟುಮಾಡಿತು. ಒಂದು ಕಡೆ ಲಿಥಿಯಂ ಲೋಹ, ಇನ್ನೊಂದು ಕಡೆ ಅಯೊಡಿನ್ ಬೆರೆತ ಕಪ್ಪು ಮುದ್ದೆ. ನಡುವಣ ದಾರಿಯನ್ನು ಯಾರೂ ಇಡಬೇಕಾಗಿಯೇ ಇಲ್ಲ! ಎರಡೂ ಒಂದನ್ನೊಂದು ಸೋಕಿದೊಡನೆ ಅಲ್ಲಿ ತೆಳ್ಳನೆಯ ಲವಣದ ಪೊರೆ ತಾನಾಗಿ ಹುಟ್ಟುತ್ತದೆ. ಲಿಥಿಯಂ ಅಯೊಡೈಡ್ ಎಂಬುದು ಅದರ ಹೆಸರು. ಆ ಪೊರೆಯೇ ಎಲೆಕ್ಟ್ರೊಲೈಟ್. ಎಲ್ಲಿಯಾದರೂ ಬಿರುಕು ಬಿಟ್ಟರೆ ಅಯೊಡಿನ್ ಅಲ್ಲಿಗೆ ನುಗ್ಗಿ ಲಿಥಿಯಮ್ಮನ್ನು ಮುಟ್ಟುತ್ತದೆ. ಮುಟ್ಟಿದೊಡನೆ ಮತ್ತೆ ಲವಣವಾಗಿ ಬಿರುಕು ಮುಚ್ಚಿಕೊಳ್ಳುತ್ತದೆ. ಗಾಯವನ್ನು ತಾನೇ ಮಾಯಿಸಿಕೊಳ್ಳುವ ಜಡವಸ್ತುವನ್ನು ನಾವು ಅದುವರೆಗೆ ಕೇಳಿರಲಿಲ್ಲ.

"ಉಪ್ಪು ಕಲ್ಲಿನ ಹಾಗಿರುತ್ತದಲ್ಲ, ಅದರೊಳಗೆ ನಡೆಯುವುದು ಹೇಗಪ್ಪಾ?" ಎಂದು ಹಾಸಿಗೆಯಲ್ಲಿದ್ದ ತಾಯಿಯವರೇ ಕೇಳಿದರು. ಊಟದ ಉಪ್ಪಿನಲ್ಲಿ ಪರಮಾಣುಗಳು ಚೌಕಟ್ಟಾಗಿ, ಒಂದು ಬಿಟ್ಟು ಒಂದು, ಕುಳಿತಿರುವುದನ್ನು 1913ರಲ್ಲಿ ಬ್ರಾಗ್ ಎಂಬ ವಿಜ್ಞಾನಿ ಕ್ಷಕಿರಣಗಳಿಂದ ತೋರಿಸಿಕೊಟ್ಟರು. ಅಜ್ಜಿಯ ಎದೆಯ ಉಪ್ಪಿನ ಜೋಡಣೆಯೂ ಅದೇ. ಮೊಮ್ಮಗನು ಹೇಳಿದನು: "ಅಜ್ಜಿ, ಪಂಕ್ತಿಯಲ್ಲಿ ಎಲ್ಲರೂ ಕೂತಿದ್ದಾರೆ. ಅಯೊಡಿನ್ನು ದೊಡ್ಡವರು, ಅಲುಗಾಡುವುದಿಲ್ಲ. ಲಿಥಿಯಂ ಪುಟ್ಟ ಹುಡುಗರು. ಎಲ್ಲ ಎಲೆಯೂ ಭರ್ತಿಯಾಗಿದ್ದರೆ ಯಾರೂ ಸರಿಯುವಂತಿಲ್ಲ. ಎಲ್ಲೋ ಒಂದು ಎಲೆ ಖಾಲಿ ಉಳಿದಿದ್ದರೆ ಪಕ್ಕದ ಹುಡುಗ ಅಲ್ಲಿಗೆ ಹಾರುತ್ತಾನೆ, ಅವನ ಜಾಗಕ್ಕೆ ಅವನ ಪಕ್ಕದವನು. ಹೀಗೆ ಪಂಕ್ತಿಯೇ ನಡೆದಂತಾಗುತ್ತದೆ."

"ಬಡಿಸುವುದಕ್ಕೆ ಮುಂಚೆ ತಾನೆ? ಎಂಜಲೆಲೆಗೆ ಹಾರಬಾರದಪ್ಪ" ಎಂದರು ತಾಯಿಯವರು. ಆಸ್ಪತ್ರೆಗೆ ಸೇರಿದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಕೊರತೆಯಿಲ್ಲದ ಸ್ಫಟಿಕ ನೋಡಲು ಚೆಂದ, ಒಯ್ಯಲು ಬಾರದು. ಸ್ಫಟಿಕಗಳಲ್ಲಿ ಇಂಥ ಬರಿದಾದ ತಾಣಗಳಿರುವುದನ್ನು ಫ್ರೆಂಕೆಲ್, ಷಾಟ್ಕಿ, ವಾಗ್ನರ್ ಎಂಬವರು 1926ರಿಂದ 1930ರೊಳಗೆ ಲೆಕ್ಕಹಾಕಿ ನಿರೂಪಿಸಿದರಂತೆ. ಹಾಗೆಂದು ನಮ್ಮ ಈ ಲವಣ ಮಹಾ ವಾಹಕವೇನಲ್ಲ. ಪಂಚೆ ಸುಟ್ಟ ಆ ಗಂಧಕಾಮ್ಲ ಇದಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಮಿಗಿಲಾಗಿ ಒಯ್ಯಬಲ್ಲುದು. ಆದರೆ ಗುಂಡಿಗೆಗೆ ಬೇಕಾದುದೆಷ್ಟು? ಒಂದು ಆಂಪಿಯರಿನ ಲಕ್ಷ ಪಾಲುಗಳಲ್ಲಿ ಒಂದೋ ಎರಡೋ ಪಾಲು. ಅಷ್ಟನ್ನು ವರ್ಷಗಟ್ಟಲೆ ತಪ್ಪದೆ ಕೊಡುವವನು ಬೇಕು, ಅವಸರದವನು ಬೇಡ.

ಒಂದು ವಿಷಯ ಮಾತ್ರ ಆಗಲೂ ಈಗಲೂ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ದಾಟಿಹೋದ ಪ್ರತಿಯೊಂದು ಲಿಥಿಯಂ ಅಯಾನೂ ಅಯೊಡಿನ್ನನ್ನು ಕೂಡಿ ಮತ್ತಷ್ಟು ಲವಣವಾಗುತ್ತದೆ. ಎಂದರೆ ದಾರಿ ದಿನದಿನಕ್ಕೂ ದಪ್ಪವಾಗುತ್ತ, ನಡೆಯಲು ಕಷ್ಟವಾಗುತ್ತ ಬರುತ್ತದೆ. ಹೊಸದರಲ್ಲಿ 2.8 ವೋಲ್ಟು ಇದ್ದ ಒತ್ತಡ ಮೆಲ್ಲಮೆಲ್ಲನೆ ಇಳಿಯುತ್ತದೆ. ಇದೇ ಒಂದು ಅನುಕೂಲವೂ ಆಯಿತು. ಆರಾರು ತಿಂಗಳಿಗೊಮ್ಮೆ ಎದೆಯ ಮೇಲೆ ಒಂದು ಉಪಕರಣವನ್ನಿಟ್ಟು ನೋಡಿದರೆ ಇನ್ನೆಷ್ಟು ಕಾಲವೆಂದು ವೈದ್ಯರಿಗೆ ತಿಳಿಯುತ್ತಿತ್ತು. ಹಠಾತ್ತನೆ ಕೈಕೊಡುವ ಟಾರ್ಚಿನ ಸೆಲ್ಲಿನಂತಲ್ಲ.

2012ರಲ್ಲಿ ಹಾಗೆ ಮುನ್ಸೂಚನೆ ಬಂದು ಯಂತ್ರವನ್ನು ಬದಲಿಸಿದರು. ಹಳೆಯದನ್ನು ಒರೆಸಿ ನಮ್ಮ ಕೈಗೇ ಕೊಟ್ಟರು. ತಾಯಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಹಳೆಯ ನಾಣ್ಯಗಳ ತಗಡಿನ ಡಬ್ಬಿಯಲ್ಲಿ ಇರಿಸಿಕೊಂಡರು. ಆ ಸಲ ಬಂದ ಮೊಮ್ಮಗನು ಬೇರೆ ಲವಣಗಳ ಕಥೆಯನ್ನೂ ತಂದಿದ್ದನು. ಬೆಳ್ಳಿಯ ಅಯೊಡೈಡನ್ನು 147 ಡಿಗ್ರಿಗೆ ಕಾಯಿಸಿದರೆ ಅದರ ವಾಹಕಶಕ್ತಿ ಒಮ್ಮೆಲೇ ಸಾವಿರಾರು ಪಟ್ಟು ನೆಗೆಯುವುದೆಂದು ಜರ್ಮನಿಯಲ್ಲಿ ಟೂಬಾಂಟ್, ಲೊರೆಂಟ್ಸ್ ಎಂಬವರು 1914ರಲ್ಲಿಯೇ ಪ್ರಕಟಿಸಿದ್ದರು. ಆ ಕಾವಿಗೆ ಅಯೊಡಿನ್ನಿನ ಜೋಡಣೆ ಬದಲಾಗಿ, ಎರಡು ಬೆಳ್ಳಿಯ ಅಯಾನುಗಳಿಗೆ ಹನ್ನೆರಡು ಮಣೆಗಳು ದೊರೆಯುತ್ತವೆ. ವಿಚಿತ್ರವೆಂದರೆ, ಇನ್ನೂ ಕಾಯಿಸಿ ಕರಗಿಸಿದರೆ ವಾಹಕಶಕ್ತಿ ತುಸು ತಗ್ಗುತ್ತದಂತೆ! ಲಿಥಿಯಂ ಅಯೊಡೈಡಿಗೆ ತಾನು ಏನನ್ನೂ ಒಯ್ಯಲಾರದ ಅಲ್ಯೂಮಿನದ ನುಣ್ಣನೆಯ ಪುಡಿಯನ್ನು ಬೆರೆಸಿ, ಅದರ ವಾಹಕಶಕ್ತಿಯನ್ನು ಸುಮಾರು ಐವತ್ತು ಪಟ್ಟು ಹೆಚ್ಚಿಸಿದವರೂ ಉಂಟು. ಅದು 1973ರ ಮಾತು. 2011ರಲ್ಲಿ ಜಪಾನಿನವರು ಲಿಥಿಯಂ, ಜರ್ಮೇನಿಯಂ, ರಂಜಕ, ಗಂಧಕಗಳನ್ನು ಕೂಡಿಸಿ ಮಾಡಿದ ಘನವಸ್ತುವೊಂದು ಕೋಣೆಯ ಉಷ್ಣತೆಯಲ್ಲಿಯೇ ದ್ರವಗಳಿಗೆ ಸಾಟಿಯಾಗಿ ನಿಂತಿತು. ಜೇಬಿನ ಫೋನುಗಳಲ್ಲಿ ಉರಿಯಬಲ್ಲ ದ್ರವದ ಬದಲು ಇಂಥ ಘನವನ್ನು ತರಬೇಕೆಂಬುದೇ ಇವರೆಲ್ಲರ ಹಂಬಲ.

ಎಲ್ಲವನ್ನೂ ಕೇಳಿಸಿಕೊಂಡ ತಾಯಿಯವರು, "ಇದು ಬೆಂಕಿಗೆ ಬಿದ್ದರೆ ಏನಾಗುತ್ತೆ?" ಎಂದರು. ಅವನು ಉತ್ತರಿಸಲು ಹಿಂಜರಿದನು. ಮುಚ್ಚಿದ ಕರಂಡಕ ಚಿತೆಯ ಕಾವಿಗೆ ಸಿಡಿಯುತ್ತದೆ. "ಹಾಗಾದರೆ ನಾನು ಹೋದ ದಿನ ತೆಗೆಸಿಬಿಡು, ಮಗು. ಬೆಂಕಿಯ ಹತ್ತಿರ ನಿಂತವರಿಗೆ ತಾಗಬಾರದು" ಎಂದು ನಮ್ಮ ಕಡೆ ತಿರುಗಿ ಹೇಳಿದರು.

2019ರ ಮಾಘದಲ್ಲಿ ಆ ದಿನವೂ ಬಂದಿತು. ಹೋದ ಮೇಲೂ ಮೈ ಕೊಯ್ಯಿಸುವುದೆ ಎಂದು ಚಿಕ್ಕಪ್ಪನವರು ಕಣ್ಣೀರಿಟ್ಟರು. ನಾವು ತಾಯಿಯವರ ಮಾತನ್ನು ಹೇಳಿದೆವು. ವೈದ್ಯರು ಬಂದು, ಎರಡು ಬೆರಳಗಲ ಕೊಯ್ದು, ಯಂತ್ರವನ್ನು ತೆಗೆದು, ಅಚ್ಚುಕಟ್ಟಾಗಿ ಹೊಲಿದರು. ಅದು ಇನ್ನೂ ಅಪ್ಪಣೆ ಕೊಡುತ್ತಲೇ ಇತ್ತೆಂದೂ ಗುಂಡಿಗೆ ಕೇಳುವುದನ್ನು ನಿಲ್ಲಿಸಿತ್ತೆಂದೂ ಮೆಲ್ಲನೆ ಹೇಳಿದರು. ಇನ್ನೂ ಎರಡು ವರ್ಷಕ್ಕಾಗುವಷ್ಟು ಶಕ್ತಿ ಅದರಲ್ಲಿ ಉಳಿದಿತ್ತಂತೆ. ಅದನ್ನು ಅವರ ಕೈಯಲ್ಲಿಯೇ ಆಸ್ಪತ್ರೆಗೆ ಕಳುಹಿದೆವು. ಮೊದಲನೆಯದು ನಾಣ್ಯದ ಡಬ್ಬಿಯಲ್ಲಿದೆ.